ಡಾಕ್ಟರು ಅಂದರು

"ನಾನು ‘ಬಿಡಿ, ಬೇಡ’ ಅಂದೆ. ಆತ ಅದನ್ನು ‘ಬಿಡಬೇಡಿ’ ಅಂತ ಕೇಳಿಸಿಕೊಂಡರೆ ನಾನೇನು ಮಾಡಲಿ?"

ಮನೋವೈದ್ಯರು ಇಷ್ಟು ಹೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಭೇಟಿ ಮುಗಿಯಿತು ಎನ್ನುವಂತಿತ್ತು ಇಟ್ಟ ರೀತಿ.

ಎದುರಿನ ಕುರ್ಚಿಯಲ್ಲಿದ್ದ ಕತ್ತರಿ ಏಳಲಿಲ್ಲ. ಅವಳು ಕೇಳಿದ್ದು ಒಂದೇ ಪ್ರಶ್ನೆ: ಬಸುರಿ ಅಂತ ಗೊತ್ತಾದ ಮೇಲೂ ಮಾತ್ರೆ ಮುಂದುವರಿಸಿ ಅಂತ ಅವಳ ಗಂಡನಿಗೆ ಫೋನಿನಲ್ಲಿ ನೀವು ಹೇಳಿದಿರಂತೆ, ಹೌದಾ? ಅದಕ್ಕೆ ಬಂದ ಉತ್ತರ ಇದು. ಪ್ರಶ್ನೆಯ ಅಳತೆಗಿಂತ ಉತ್ತರ ಒಂದು ಗೇಣು ಉದ್ದವಾಗಿದೆ ಅನ್ನಿಸಿತು. ಎಲ್ಲಿ ಅಂತ ಹೊಳೆಯಲಿಲ್ಲ.

ಕತ್ತರಿ ಅವಳ ಹೆಸರಲ್ಲ. ಪತ್ರಿಕೆಯ ಸುದ್ದಿಮನೆಯಲ್ಲಿದ್ದಾಗ ವರದಿಗಾರರು ಬೆವರು ಸುರಿಸಿ ಬರೆದದ್ದರಲ್ಲಿ ಅರ್ಧವನ್ನು ಕತ್ತರಿಸಿ ಬಿಸಾಡುತ್ತಿದ್ದಳು. ಈಗ ಒಬ್ಬ ವಕೀಲರಿಗಾಗಿ ಸತ್ಯ ಹುಡುಕುವುದು ಕಸುಬು. ಅವಳು ಪತ್ರಿಕೆ ಬಿಟ್ಟಳು, ಅಡ್ಡಹೆಸರು ಅವಳನ್ನು ಬಿಡಲಿಲ್ಲ.

ಪ್ರಕರಣವನ್ನು ಅವಳ ಹಳೆಯ ಅಭ್ಯಾಸದಂತೆ ಒಂದೇ ಸಾಲಿಗೆ ಇಳಿಸಬಹುದಿತ್ತು. ಖಿನ್ನತೆಗೆಂದು ಈ ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಒಬ್ಬ ಹೆಂಗಸು ಬಸುರಿಯಾದ ಮೇಲೂ ನುಂಗಿದಳು. ಹುಟ್ಟಿದ ಹೆಣ್ಣುಕೂಸಿನ ಹೃದಯದಲ್ಲಿ ರಂಧ್ರವಿತ್ತು.

"ಫೋನಿನಲ್ಲಿ ಮಾತಾಡಿದ್ದು ನೀವೇ?" ಕತ್ತರಿ ಕೇಳಿದಳು.

"ಮತ್ತೇನು, ನನ್ನ ಪರವಾಗಿ ನನ್ನ ಭೂತ ಮಾತಾಡುತ್ತಾ?"

"ಆ ಮಾತ್ರೆಯಿಂದ ಕೂಸಿನ ಹೃದಯಕ್ಕೆ ತೊಂದರೆ ಆಗುತ್ತೆ ಅಂತ ನಿಮಗೆ ಗೊತ್ತಿತ್ತಾ?"

"ಆಗಬಹುದು ಅಂತ ಕೆಲವು ಅಧ್ಯಯನಗಳು ಹೇಳುತ್ತವೆ. ‘ಆಗುತ್ತೆ’ ಬೇರೆ, ‘ಆಗಬಹುದು’ ಬೇರೆ. ಪತ್ರಿಕೆಯಲ್ಲಿದ್ದವರಿಗೆ ನಾನು ಹೇಳಿಕೊಡಬೇಕಾ?"

"ಬೇಡ. ‘ಬಹುದು’ ಅನ್ನೋದನ್ನ ಸೇರಿಸಿ ಸೇರಿಸಿಯೇ ನನ್ನ ಕೈ ಸವೆದದ್ದು."

ವೈದ್ಯರು ಮೊದಲ ಸಲ ನಕ್ಕರು. ಅಷ್ಟರಲ್ಲಿ ಮೇಜಿನ ಮೇಲಿದ್ದ ಫೋನು ರಿಂಗಾಯಿತು. ಅವರು ಕ್ಷಮೆ ಕೇಳುವಂತೆ ಕೈ ಎತ್ತಿ ರಿಸೀವರ್ ಹಿಡಿದರು. ಆ ಕಡೆಯ ಮಾತು ಕೇಳುತ್ತಿದ್ದಂತೆ ಅವರ ದನಿಯೇ ಬದಲಾಯಿತು. ಮಗುವಿಗೆ ನಡೆಯಲು ಕಲಿಸುವವರ ದನಿ.

"ಇಲ್ಲ ತಾಯಿ, ಒಮ್ಮೆಗೇ ನಿಲ್ಲಿಸಬೇಡಿ. ತಲೆ ಸುತ್ತುತ್ತೆ, ನಿದ್ದೆ ಕೆಡುತ್ತೆ, ಮತ್ತೆ ಹಳೇ ಕತ್ತಲೆ ಬಂದು ಕೂರುತ್ತೆ. ಅರ್ಧ ಮಾಡಿ. ಆಮೇಲೆ ಬಂದು ನನ್ನ ನೋಡಿ. ನಿಲ್ಲಿಸೋದು ಯಾವಾಗ ಅಂತ ನಾನು ಹೇಳ್ತೀನಿ. ನೀವಾಗಿ ನಿಲ್ಲಿಸಿದರೆ ನಾನು ಜಗಳಕ್ಕೆ ಬರ್ತೀನಿ, ನೋಡಿ."

ಫೋನಿಟ್ಟಾಗ ಅವರ ಮುಖದಲ್ಲಿ ಕಪಟವಿರಲಿಲ್ಲ. ಒಳ್ಳೆಯ ವೈದ್ಯರು. ಕತ್ತರಿಗೆ ಅದೇ ತೊಡಕೆನಿಸಿತು. ಕೆಟ್ಟವರು ಸುಳ್ಳು ಹೇಳಿದರೆ ಕಾರಣ ಹುಡುಕುವ ಕಷ್ಟವಿರುವುದಿಲ್ಲ.

ಹೊರಡುವಾಗ ಮೇಜಿನ ಮೇಲಿನ ಪುಟ್ಟ ಪೆಟ್ಟಿಗೆಯಿಂದ ಅವರದೊಂದು ವಿಸಿಟಿಂಗ್ ಕಾರ್ಡ್ ಎತ್ತಿಕೊಂಡಳು. ಮುಂಬದಿಯಲ್ಲಿ ಕ್ಲಿನಿಕ್ಕಿನ ನಂಬರು, ಹಿಂಬದಿಯಲ್ಲಿ ತುರ್ತಿಗೆಂದು ಇನ್ನೊಂದು.

ವಕೀಲರ ಕಚೇರಿ ಬೀಗ, ಬೀಗದ ಕೈ ಮಾರುವ ಅಂಗಡಿಯ ಮೇಲಿತ್ತು. ಕೆಳಗೆ ದಿನವಿಡೀ ಕೀಲಿ ಕೊರೆಯುವ ಯಂತ್ರ ಕಿರುಗುಟ್ಟುತ್ತಿತ್ತು. ‘ಅವರು ಬೀಗ ತೆಗೆಸುತ್ತಾರೆ, ನಾವು ಬಾಯಿ’ ಎಂದು ವಕೀಲರು ಹೊಸಬರಿಗೆಲ್ಲ ಹೇಳುತ್ತಿದ್ದರು. ಹಳಬರು ನಗುವುದನ್ನು ಬಿಟ್ಟಿದ್ದರು.

ಮಗುವಿನ ತಾಯಿ ಅಲ್ಲಿ ಮೊದಲೇ ಬಂದು ಕೂತಿದ್ದಳು. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ, ತೂತು ಕೊರೆದು ಚೌಕಟ್ಟಿಗೆ ಕೂರಿಸುವ ಕೆಲಸ ಅವಳದು. ಮಧ್ಯಾಹ್ನದ ಬಿಡುವಿನಲ್ಲಿ ಬಂದಿದ್ದಳು. ಉಗುರಿನ ಸಂದಿಯಲ್ಲಿ ಬಿಳಿಯ ಪುಡಿ ಹಾಗೇ ಇತ್ತು. ತೊಡೆಯ ಮೇಲೆ ಕೂಸು ಬಾಯಿ ತೆರೆದು ನಿದ್ದೆ ಮಾಡುತ್ತಿತ್ತು. ಅಂಗಿಯ ಕುತ್ತಿಗೆಯಿಂದ ಒಂದು ಆಪರೇಷನ್ನಿನ ಗೆರೆ ಇಣುಕುತ್ತಿತ್ತು. ಇನ್ನೊಂದು ಆಗಬೇಕಿದೆ.

"ಇನ್ನೊಂದು ಸಲ ಹೇಳಿ ಸರ್," ಅವಳು ಕೇಳಿದಳು. "ಮನೆಗೆ ಹೋದ ಮೇಲೆ ಎಲ್ಲ ಕಲಸಿಹೋಗುತ್ತೆ."

"ಕಾನೂನಿನ ಮನೆಗೆ ಮೂರು ಬಾಗಿಲು," ಎಂದರು ವಕೀಲರು. "ಒಂದು, ಡಾಕ್ಟರ ಮೇಲೆ ದಾವೆ. ಅಪಾಯ ಇದೆ ಅಂತ ತಿಳಿಸದೆ ಮಾತ್ರೆ ಮುಂದುವರಿಸಿದರೆ ಅದು ನಿರ್ಲಕ್ಷ್ಯ. ಎರಡು, ಮಾತ್ರೆ ತಯಾರಿಸಿದ ಕಂಪನಿಯ ಮೇಲೆ. ಗೊತ್ತಿದ್ದೂ ಎಚ್ಚರಿಕೆ ಕೊಡದೆ ಮಾರಿದರೆ ಹೊಣೆ ಅವರದು. ಮೂರು, ವೈದ್ಯರ ಪರಿಷತ್ತಿಗೆ ದೂರು. ಅಲ್ಲಿ ಗೆದ್ದರೆ ಅವರ ಬೋರ್ಡು ಇಳಿಯಬಹುದು, ಇವಳ ಆಪರೇಷನ್ನಿಗೆ ಅದರಿಂದ ಬರೋದು ಏನೂ ಇಲ್ಲ."

"ಯಾವುದರಿಂದ ಹೋದರೆ ಸುಲಭ?"

"ಸುಲಭ ಅಂತಿದ್ದರೆ ವಕೀಲರು ಯಾಕಮ್ಮ? ಯಾವ ಬಾಗಿಲಿಂದ ಹೋದರೂ ಒಳಗೆ ಒಂದು ಗೋಡೆ ಇದೆ. ಮಾತ್ರೆಯಿಂದಲೇ ಹೀಗಾಯ್ತು ಅಂತ ತೋರಿಸಬೇಕು. ಮಾತ್ರೆ ಮುಟ್ಟದವರ ಮಕ್ಕಳಿಗೂ ಹೀಗಾಗುತ್ತೆ. ಮಾತ್ರೆ ತಗೊಂಡ ಎಷ್ಟೋ ಜನರ ಮಕ್ಕಳು ಗುಂಡುಕಲ್ಲಿನ ಹಾಗಿದ್ದಾರೆ. ನ್ಯಾಯಾಧೀಶರು ಅದನ್ನೇ ಕೇಳ್ತಾರೆ. ಅದಕ್ಕೆ ತಜ್ಞರನ್ನ ಕರೆಸೋಣ. ಈ ಮಾತ್ರೆಯಿಂದ ಹಿಂದೆಯೂ ಹೀಗಾಗಿತ್ತು, ಅದು ಇವರಿಗೆ ಗೊತ್ತಿತ್ತು ಅಂತ ಸಿಕ್ಕರೆ ಅರ್ಧ ಗೋಡೆ ಬಿದ್ದ ಹಾಗೆ. ಅಂಥದ್ದು ನಮ್ಮ ಕೈಯಲ್ಲಿ ಇಲ್ಲ. ಇರೋದು ಒಂದು ಫೋನು ಮಾತ್ರ."

"ಅದೂ ಈಗ ಅಲ್ಲಾಡ್ತಿದೆ," ಎಂದಳು ಕತ್ತರಿ. ಬೆಳಗಿನ ಭೇಟಿಯನ್ನು ಒಂದಕ್ಷರ ಸೇರಿಸದೆ, ಬಿಡದೆ ಒಪ್ಪಿಸಿದಳು.

ವಕೀಲರು ಪೆನ್ನಿನ ಮುಚ್ಚಳ ಹಾಕಿದರು. "ಡಾಕ್ಟರು ಬಿಡಿ ಅಂದಿದ್ದರೆ ಅವರು ಪಾರು. ಕಂಪನಿಯೂ ಪಾರು. ನಿಮ್ಮ ಡಾಕ್ಟರೇ ಬೇಡ ಅಂದರೂ ನೀವು ನುಂಗಿದಿರಿ, ನಮ್ಮ ಎಚ್ಚರಿಕೆ ಓದಿ ಬಿಡ್ತಿದ್ದಿರಾ ಅಂತ ಕೇಳ್ತಾರೆ. ಎರಡು ಬಾಗಿಲಿಗೂ ಒಂದೇ ಅಗುಳಿ."

"ಮಗುವಿನ ಹೆಸರಲ್ಲಿ ಆಮೇಲೂ ಹಾಕಬಹುದು ಅಂದಿದ್ದಿರಲ್ಲ?" ತಾಯಿ ಕೇಳಿದಳು.

"ಹಾಕಬಹುದು. ಅದರ ಗಡುವು ಬೇರೆ. ನಿಮ್ಮಿಬ್ಬರ ಹೆಸರಿನ ದಾವೆಗೆ ಗಡುವು ಈ ಶುಕ್ರವಾರ. ಮಗು ದೊಡ್ಡದಾಗೋವರೆಗೆ ಕಾನೂನು ಕಾಯುತ್ತಮ್ಮ, ಸಾಕ್ಷಿಗಳ ನೆನಪು ಕಾಯಲ್ಲ. ನಾಳೆ ನಿಮ್ಮ ಯಜಮಾನರು ಬಂದು ಪ್ರಮಾಣ ಮಾಡಿ ಸಹಿ ಹಾಕಬೇಕು. ಹಾಕಿದ ಮೇಲೆ ಮಾತು ಬದಲಿಸೋಕೆ ಆಗಲ್ಲ."

ತಾಯಿ ಕೂಸಿನ ಬಾಯಿಯ ಜೊಲ್ಲು ಒರೆಸಿದಳು. "ನಾನು ಅವತ್ತು ಹಾಸಿಗೆ ಬಿಟ್ಟು ಎದ್ದಿರಲಿಲ್ಲ ಸರ್. ಇವರೇ ಕೆಲಸದ ಜಾಗದಿಂದ ಫೋನ್ ಮಾಡಿದ್ದು. ಸಂಜೆ ಬಂದು, ಡಾಕ್ಟರು ಬಿಡಬೇಡಿ ಅಂದರು ಅಂತ ಹೇಳಿದರು. ನಾನು ನುಂಗಿದೆ. ನಮ್ಮತ್ತೆ ಈಗ ಬಂದವರಿಗೆಲ್ಲ ಹೇಳ್ತಾರೆ, ತಲೆ ಮಾತ್ರೆ ತಿಂದು ಮಗುವಿನ ಎದೆಗೆ ತೂತು ಮಾಡಿದಳು ಅಂತ."

"ನೀವೇನಂತೀರಿ?" ಕತ್ತರಿ ಕೇಳಿದಳು.

"ಏನನ್ನಲಿ ಅಕ್ಕ? ದಿನಾ ಗಾಜಿಗೆ ತೂತು ಕೊರೆಯೋ ಕೆಲಸ ನಂದು ಅಂತೀನಿ. ಅವರಿಗೆ ನಗೆ ಬರಲ್ಲ." ಅವಳು ಸೆರಗು ಕೊಡವಿಕೊಂಡು ಎದ್ದಳು. "ಗೆಲ್ಲೋದು ಸೋಲೋದು ಆಮೇಲೆ. ಬೇಡ ಅಂದದ್ದನ್ನ ನಾನು ತಿಂದೆನಾ, ತಿನ್ನು ಅಂದದ್ದನ್ನ ತಿಂದೆನಾ? ಇಷ್ಟು ಗೊತ್ತಾಗಬೇಕು ನನಗೆ. ಇವಳು ದೊಡ್ಡವಳಾಗಿ ಕೇಳಿದರೆ ನಾನೇನು ಹೇಳಲಿ?"

ಅವಳು ಮೆಟ್ಟಿಲಿಳಿದ ಸದ್ದು ಕೀಲಿಯಂತ್ರದ ಸದ್ದಿನಲ್ಲಿ ಕರಗಿತು. ಕತ್ತರಿ ವಕೀಲರತ್ತ ತಿರುಗಿದಳು.

"ಸರ್, ಡಾಕ್ಟರಿಗೆ ನೀವು ಕಳಿಸಿದ ನೋಟಿಸಿನಲ್ಲಿ ‘ಬಿಡಬೇಡಿ’ ಅನ್ನೋ ಮಾತಿದೆಯಾ?"

"ಎಲ್ಲಿ ಬರುತ್ತೆ? ‘ಔಷಧವನ್ನು ಮುಂದುವರಿಸಲು ಸೂಚಿಸಿರುತ್ತೀರಿ’ ಅಂತ ಇರುತ್ತೆ. ನೋಟಿಸಿನ ಕನ್ನಡ ಮನುಷ್ಯರು ಆಡೋ ಕನ್ನಡ ಅಲ್ಲ."

"ನಾನೂ ಆ ಮಾತು ಆಡಲಿಲ್ಲ. ‘ಮುಂದುವರಿಸಿ’ ಅಂದಿರಾ ಅಂತ ಕೇಳಿದೆ. ಅವರು ‘ಬಿಡಬೇಡಿ’ಗೆ ಉತ್ತರ ಕೊಟ್ಟರು. ಕುಂಬಳಕಾಯಿ ಕಳ್ಳ ಅಂತ ನಾನು ಬಾಯಿ ತೆರೆಯೋ ಮೊದಲೇ ಹೆಗಲು ಮುಟ್ಟಿ ನೋಡಿಕೊಂಡರು."

ವಕೀಲರು ಕುರ್ಚಿ ಮುಂದಕ್ಕೆಳೆದುಕೊಂಡರು.

"‘ಬಿಡಿ’ ಅನ್ನೋದು ಯಾರ ಕಿವಿಗೂ ‘ಮುಂದುವರಿಸಿ’ ಅಂತ ಬೀಳಲ್ಲ," ಕತ್ತರಿ ಮುಂದುವರಿದಳು. "‘ಬಿಡಿ, ಬೇಡ’ ಅನ್ನೋ ಉಪಾಯ ಹೊಳೀಬೇಕಾದರೆ ‘ಬಿಡಬೇಡಿ’ ಮೊದಲೇ ಗೊತ್ತಿರಬೇಕು. ಅವರೇ ಅದನ್ನ ಅಂದಿರಬೇಕು, ಇಲ್ಲ ಯಾರಾದರೂ ಅವರಿಗೆ ಹೇಳಿರಬೇಕು. ನಮ್ಮ ಕಡೆ ಅದು ಗೊತ್ತಿದ್ದವರು ಗಂಡ, ಹೆಂಡತಿ, ನೀವು, ನಾನು."

"ಅತ್ತೆ?"

"ಅತ್ತೆ ಡಾಕ್ಟರಿಗೆ ಫೋನ್ ಮಾಡಿದರೆ ಬೈಯೋಕೆ ಮಾತ್ರ."

"ಸರಿ, ಗಂಡನೇ ಹೇಳಿರಬೇಕು. ತಾನು ಕೇಳಿದ್ದು ಸರಿಯಾ ಅಂತ ಅನುಮಾನ ಬಂದು ಕೇಳೋಕೆ ಹೋಗಿರ್ತಾನೆ, ಡಾಕ್ಟರು ಅದನ್ನೇ ತಿರುಗಿಸಿಕೊಂಡರು. ಹಾಗಾದರೂ ‘ಬಿಡಬೇಡಿ’ ಅಂದದ್ದು ಅವರೇ ಅಂತಾಯ್ತಲ್ಲ? ನಮಗೆ ಒಳ್ಳೇದೇ."

"ಅಲ್ಲೇ ನನಗೆ ಕಲ್ಲು ಸಿಗ್ತಿದೆ. ಅವರು ಬಿಡಿ ಅನ್ನೋರೂ ಅಲ್ಲ, ಬಿಡಬೇಡಿ ಅನ್ನೋರೂ ಅಲ್ಲ. ನನ್ನೆದುರೇ ಒಬ್ಬರಿಗೆ ಫೋನಿನಲ್ಲಿ ಹೇಳಿದರು. ನಿಲ್ಲಿಸಬೇಡಿ, ಅರ್ಧ ಮಾಡಿ, ಬಂದು ನೋಡಿ, ಇಂತಿಂಥದ್ದು ಆಗುತ್ತೆ. ಒಂದು ಮಾತಿಗೆ ನಾಲ್ಕು ಕಾರಣ. ಬಸುರಿ ಹೆಂಗಸಿನ ವಿಷಯಕ್ಕೆ ಅಂಥವರು ಒಂದೇ ಪದ ಹೇಳಿ ಫೋನ್ ಇಡ್ತಾರಾ?"

ಗಂಡನನ್ನೇ ಕೇಳಬೇಕು ಎಂದು ಕತ್ತರಿ ಆಗಲೇ ಚೀಲ ಹೆಗಲಿಗೇರಿಸಿದ್ದಳು.

ಮಗುವಿನ ತಂದೆ ಲಿಫ್ಟ್ ಮೆಕ್ಯಾನಿಕ್. ಅವತ್ತು ಒಂದು ಎತ್ತರದ ವಸತಿ ಕಟ್ಟಡದ ತುದಿಯಲ್ಲಿ, ಮೋಟಾರಿನ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದ. ಲಿಫ್ಟನ್ನು ಅವನೇ ನಿಲ್ಲಿಸಿದ್ದರಿಂದ ಕತ್ತರಿ ಮೆಟ್ಟಿಲು ಹತ್ತಬೇಕಾಯಿತು. ಪ್ರತಿ ಅಂತಸ್ತಿನಲ್ಲೂ ಬಾಗಿಲ ಹೊರಗೆ ಚಪ್ಪಲಿಗಳು, ಬಾಗಿಲ ಒಳಗೆ ಕುಕ್ಕರಿನ ಸೀಟಿ.

ಕೋಣೆ ಸಣ್ಣದು. ಕಿಟಕಿಯಿಲ್ಲ, ಕಾಂಕ್ರೀಟಿನ ಗೋಡೆ. ನಡುವೆ ಮೋಟಾರು, ಅದರ ಗಾಲಿಯಿಂದ ನೆಲದ ತೂತಿಗೆ ಇಳಿದ ಉಕ್ಕಿನ ಹಗ್ಗಗಳು. ಅವನು ಹಗ್ಗವನ್ನು ಬಟ್ಟೆಯಿಂದ ಒರೆಸುತ್ತಾ ಸವೆದ ಎಳೆ ಕೈಗೆ ಸಿಗುತ್ತದೋ ಅಂತ ನೋಡುತ್ತಿದ್ದ.

"ಅಯ್ಯೋ ಅಕ್ಕಾ, ಹತ್ತಿ ಬಂದಿರಾ? ಫೋನ್ ಮಾಡಿದ್ದರೆ ನಾನೇ ಇಳಿದು ಬರ್ತಿದ್ದೆ."

"ಮಾಡಿದೆ. ನೀವು ಎತ್ತಲಿಲ್ಲ. ನನ್ನ ಮೊಣಕಾಲು ನಿಮ್ಮ ವಂಶಕ್ಕೇ ಶಾಪ ಹಾಕ್ತಿದೆ."

ಅವನು ಉಪಕರಣಗಳ ಪೆಟ್ಟಿಗೆಯ ಮೇಲೆ ರಟ್ಟು ಹಾಸಿ ಕೂರಿಸಿದ. ನೀರಿನ ಬಾಟಲಿ ಕೊಟ್ಟ. ಅವಳು ಅದನ್ನು ಮುಗಿಸುವವರೆಗೆ ಅವಳ ಮುಖ ನೋಡಲಿಲ್ಲ.

"ಡಾಕ್ಟರ ಹತ್ತಿರ ಹೋಗಿದ್ದೆ," ಎಂದಳು.

"ಏನಂತೆ?"

"‘ಬಿಡಿ, ಬೇಡ’ ಅಂದರಂತೆ. ನಿಮಗೆ ತಪ್ಪು ಕೇಳಿಸಿತಂತೆ."

ಅವನು ಬಟ್ಟೆಯನ್ನು ಮಡಿಸಿದ. ಗ್ರೀಸಿನಲ್ಲಿ ಮುಳುಗಿದ ಬಟ್ಟೆಯನ್ನು ಯಾರೂ ಮಡಿಸುವುದಿಲ್ಲ.

"ಫೋನ್ ಮಾಡಿದ್ದು ಇಂಥ ಕೋಣೆಯಿಂದಲೇನಾ?"

"ಹೂಂ, ಇಂಥದ್ದೇ."

"ಮೋಟಾರು ಓಡ್ತಿತ್ತಾ?"

"ಇಲ್ಲ ಅಕ್ಕಾ. ಮಾತಾಡಬೇಕು ಅಂತಲೇ ನಿಲ್ಲಿಸಿದ್ದೆ. ಯಾರೋ ಅಜ್ಜಿ ಒಳಗೆ ಸಿಕ್ಕಿಬಿದ್ದು ಆಮೇಲೆ ಬೈದರು."

"ಹಾಗಾದರೆ ತಪ್ಪು ಕೇಳಿಸಿಲ್ಲ."

"ತಪ್ಪು ಕೇಳಿಸಿಲ್ಲ. ಬಿಡಬೇಡಿ ಅಂದರು. ಯಾವ ಕೋರ್ಟಲ್ಲಿ ಬೇಕಾದರೂ ಹೇಳ್ತೀನಿ."

"ಮತ್ತೆ ಇದನ್ನ ಡಾಕ್ಟರಿಗೆ ಮುಂಚೆಯೇ ಯಾಕೆ ಹೇಳಿದಿರಿ?"

"ನಾನಾ? ನೋಟಿಸ್ ಹೋದ ಮೇಲೆ ಆ ಮನುಷ್ಯನ ಮುಖವನ್ನೇ ನಾನು ನೋಡಿಲ್ಲ. ಬೇಕಾದರೆ ಮಗುವಿನ ತಲೆ ಮುಟ್ಟಿ ಹೇಳ್ತೀನಿ."

"ಮಗುವಿನ ತಲೆ ಬೇಡ, ಅದಕ್ಕಿರೋ ಕಷ್ಟವೇ ಸಾಕು." ಕತ್ತರಿ ಬಾಟಲಿ ಕೆಳಗಿಟ್ಟಳು. "ನಾಳೆ ಪ್ರಮಾಣ ಮಾಡ್ತೀರಿ. ಆಮೇಲೆ ಆ ಕಡೆಯ ವಕೀಲರು ನಿಮ್ಮನ್ನ ಹೀಗೇ ಕೇಳ್ತಾರೆ, ನನಗಿಂತ ಕೆಟ್ಟದಾಗಿ. ಅವತ್ತು ಫೋನು ಎತ್ತಿದಾಗಿನಿಂದ ಇಡೋವರೆಗೆ ಆದ ಮಾತೆಲ್ಲ ಹೇಳಿ. ನೀವೇನಂದಿರಿ, ಅವರೇನಂದರು. ಒಂದೂ ಬಿಡಬಾರದು."

ಅವನು ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಪಾಠ ಒಪ್ಪಿಸುವ ಹುಡುಗನಂತೆ ಒಂದೇ ಉಸಿರಿಗೆ ಹೇಳತೊಡಗಿದ.

"ಡಾಕ್ಟರು ಇದಾರಾ ಅಂದೆ. ಡಾಕ್ಟರೇ ಮಾತಾಡ್ತಿರೋದು, ಹೇಳಿ ಅಂದರು. ನನ್ನ ಹೆಂಡತಿ ನಿಮ್ಮ ಹತ್ತಿರ ಮಾತ್ರೆ ತಗೊಳ್ತಿದಾಳೆ, ಈಗ ಬಸುರಿ ಅಂತ ಗೊತ್ತಾಗಿದೆ, ಏನು ಮಾಡೋದು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಬಿಡಬೇಡಿ ಅಂದರು. ಮಗುವಿಗೇನೂ ಆಗಲ್ಲವಾ ಅಂದೆ. ಆಗಲ್ಲ ಅಂದರು. ಸರಿ ಮೇಡಂ ಅಂತ ಫೋನಿಟ್ಟೆ."

ಹಗ್ಗಗಳು ಅಲ್ಲಾಡದೆ ನಿಂತಿದ್ದವು.

"‘ಸರಿ’ ಆದ ಮೇಲೆ ಏನಂದಿರಿ?" ಎಂದಳು ಕತ್ತರಿ.

ಅವನು ಕಣ್ಣು ತೆರೆದ. ತಾನೇನಂದೆ ಎನ್ನುವುದು ಅವನಿಗೂ ಆಗಲೇ ಕೇಳಿಸಿತ್ತು.

"ಮೇಡಂ ಅಂದಿರಿ."

"ಹೌದು," ಅವನು ಮೆಲ್ಲಗೆ ಹೇಳಿದ. "ಹೆಂಗಸಿನ ದನಿ."

"ಆ ಕ್ಲಿನಿಕ್ಕಿನಲ್ಲಿ ಇರೋ ಡಾಕ್ಟರು ಒಬ್ಬರೇ. ಗಂಡಸು."

"ಗೊತ್ತು."

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಯಾರೂ ಕೇಳಲಿಲ್ಲವಲ್ಲ ಅಕ್ಕಾ. ಡಾಕ್ಟರು ಏನಂದರು ಅಂತ ಕೇಳಿದಿರಿ. ಹೇಳಿದೆ."

ಕತ್ತರಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಅಂದನು ಅಲ್ಲ, ಅಂದಳು ಅಲ್ಲ, ಅಂದರು. ಮರ್ಯಾದೆ ಕೊಟ್ಟು ಮಾತಾಡಿದರೆ ನಮ್ಮ ಭಾಷೆಯಲ್ಲಿ ಗಂಡಿಗೂ ಹೆಣ್ಣಿಗೂ ಒಂದೇ ಪ್ರತ್ಯಯ. ಆ ಒಂದು ‘ರು’ವಿನ ಹಿಂದೆ ಇಷ್ಟು ದಿನ ಒಬ್ಬ ಹೆಂಗಸು ಆರಾಮವಾಗಿ ಕೂತಿದ್ದಳು. ಏನಂದರು ಎಂದು ಎರಡೂ ಕಡೆಯವರು ಕಿತ್ತಾಡಿದ್ದರು. ಯಾರಂದರು ಎಂದು ಇವನನ್ನು ಒಬ್ಬರೂ ಕೇಳಿರಲಿಲ್ಲ. ಪದ ಪದ ಕತ್ತರಿಸಿ ನೋಡುವ ಅವಳೂ ಡಾಕ್ಟರನ್ನು ಕೇಳಿದ್ದಳು, ಇವನನ್ನಲ್ಲ.

ಆ ಹೆಂಗಸಿನ ಮಾತನ್ನು ವೈದ್ಯರು ತಮ್ಮ ತಲೆಗೆ ಹಾಕಿಕೊಂಡಿದ್ದಾರೆ. ದಾವೆಗೆ ಸಿಕ್ಕಿಬೀಳಬಹುದು ಅಂತ ತಿಳಿದೂ ಹಾಕಿಕೊಂಡಿದ್ದಾರೆ. ಸುಮ್ಮನೆ ಯಾರೂ ಇನ್ನೊಬ್ಬರ ಹೊರೆ ಹೊರುವುದಿಲ್ಲ.

ಅವಳು ಚೀಲದಿಂದ ಕಾರ್ಡ್ ತೆಗೆದು ಅವನ ಮುಂದೆ ಹಿಡಿದಳು. "ಯಾವ ನಂಬರಿಗೆ ಮಾಡಿದ್ದಿರಿ?"

ಅವನು ಹಿಂಬದಿಯ ನಂಬರು ತೋರಿಸಿದ. "ಮುಂದಿನದು ಎತ್ತಲಿಲ್ಲ."

ಕತ್ತರಿ ತನ್ನ ಫೋನ್ ತೆಗೆದಳು. ಕಾಂಕ್ರೀಟಿನೊಳಗೆ ಸಿಗ್ನಲ್ ಸತ್ತುಹೋಗಿತ್ತು. ಅವನ ಫೋನು ಸ್ಪ್ಯಾನರುಗಳ ಪಕ್ಕದಲ್ಲಿತ್ತು. ಅದನ್ನು ಎತ್ತಿಕೊಂಡಳು.

"ನಿಮ್ಮದು ಇಲ್ಲಿ ಬರುತ್ತಲ್ಲ. ಮಾಡ್ತೀನಿ. ನೀವು ಸುಮ್ಮನೆ ದನಿ ಕೇಳಿ, ಅದೇ ದನಿಯಾ ಅಂತ ಹೇಳಿದರೆ ಸಾಕು."

"ಬೇಡ ಅಕ್ಕಾ, ಕೆಳಗೆ ಹೋಗಿ ನಿಮ್ಮದರಿಂದ ಮಾಡೋಣ. ನನ್ನದರಲ್ಲಿ ಚಾರ್ಜಿಲ್ಲ."

"ತುಂಬಾ ಇದೆ."

"ಕರೆನ್ಸಿ ಇಲ್ಲ."

"ನೋಡೋಣ. ಇಳಿದು ಮತ್ತೆ ಹತ್ತೋ ಕಾಲು ನನಗಿಲ್ಲ."

ಕಾರ್ಡ್ ನೋಡಿಕೊಂಡು ಒಂದೊಂದೇ ಅಂಕಿ ಒತ್ತಿದಳು. ಕೊನೆಯದನ್ನು ಒತ್ತಿದ ಕೂಡಲೇ ಪರದೆಯ ಮೇಲೆ ನಂಬರಿನ ಜಾಗದಲ್ಲಿ ಒಂದು ಹೆಸರು ಮೂಡಿತು: ‘ಗ್ರೀಸ್ ಅಂಗಡಿ’.

ಕತ್ತರಿ ಅವನನ್ನು ನೋಡಿದಳು. ಅವನು ಹಗ್ಗಗಳು ಇಳಿಯುವ ನೆಲದ ತೂತನ್ನು ನೋಡುತ್ತಿದ್ದ.

ಅವಳು ಸ್ಪೀಕರ್ ಒತ್ತಿದಳು. ಎರಡನೇ ರಿಂಗಿಗೇ ಯಾರೋ ಎತ್ತಿದರು. ಹೆಂಗಸಿನ ದನಿ. ವಯಸ್ಸಾದದ್ದಲ್ಲ, ದಣಿದದ್ದು. ಯಾರು ಅಂತ ಆ ದನಿ ಕೇಳಲಿಲ್ಲ.

"ಈ ನಂಬರಿಗೆ ಮಾಡಬೇಡಿ ಅಂತ ಎಷ್ಟು ಸಲ ಹೇಳೋದು ನಿಮಗೆ?"

ಕತ್ತರಿ ಫೋನನ್ನು ಇಬ್ಬರ ನಡುವೆ ಹಿಡಿದಳು.

"ಹಲೋ? ಏನಾಯ್ತು? ಆ ಇನ್ನೊಂದು ಮಗುವಿನ ವಿಷಯ ವಕೀಲರಿಗೆ ಹೇಳಿಬಿಟ್ಟಿರಾ?"

ಅವನು ಇಲ್ಲ ಎಂದು ಜೋರಾಗಿ ತಲೆಯಾಡಿಸಿದ. ಫೋನಿಗೆ ತಲೆ ಕಾಣುವುದಿಲ್ಲ ಎನ್ನುವುದನ್ನೂ ಮರೆತಿದ್ದ.

"ಮಾತಾಡ್ರೀ," ಎಂದಿತು ದನಿ. "ಹೇಳಿಲ್ಲ ತಾನೆ? ಅದೂ ಈ ಮಾತ್ರೆಯಿಂದಲೇ ಆಯ್ತು ಅಂತ ಆ ಮಗುವಿನ ತಾಯಿಗೇ ಇನ್ನೂ ಗೊತ್ತಿಲ್ಲ."